ನಡುಗೋಡೆ

ಊರಿನ ಅತಿ ಹಳೆಯ ಪಬ್ಬು ಅದು. ಬೀದಿಗೆ ಎರಡು ಬಾಗಿಲು, ಒಳಗೆ ಎರಡು ಕೋಣೆ, ನಡುವೆ ಒಂದು ಇಟ್ಟಿಗೆ ಗೋಡೆ. ಹಿಂದೆ ಒಂದು ಬಾಗಿಲಿಂದ ಕೋಟಿನವರು, ಇನ್ನೊಂದರಿಂದ ಕೂಲಿಯವರು ಬರುತ್ತಿದ್ದರಂತೆ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಗೋಡೆಯನ್ನು ಆಮೇಲೆ ಎಬ್ಬಿಸಿದರಂತೆ. ಈ ಕತೆ ತಾತ ಹೇಳಿದ್ದು, ಅಪ್ಪ ಉಪ್ಪುಖಾರ ಹಚ್ಚಿದ್ದು. ಈಗ ಪಬ್ಬು ಅಣ್ಣ ತಮ್ಮ ಇಬ್ಬರದು. ಅದನ್ನು ನಡೆಸುವ ಅಣ್ಣ ಈ ಕತೆಯನ್ನು ಬಂದವರಿಗೆಲ್ಲ ಗ್ಲಾಸಿನ ಜೊತೆಗೇ ಬಡಿಸುತ್ತಿದ್ದ. ಗಿರಾಕಿಗಳು ಗೋಡೆಯನ್ನು ಚೆನ್ನಾಗಿ ಬೈದು ಇನ್ನೊಂದು ಸುತ್ತು ತರಿಸುತ್ತಿದ್ದರು. ಕುಡಿಯಲು ಬಂದವರು ಕತೆಗೆ ಸಾಕ್ಷಿ ಕೇಳುತ್ತಾರೆಯೇ?

ಗೋಡೆ ಒಡೆಸಿ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕೆಂದು ಅಣ್ಣನ ತಲೆಗೆ ಹೊಕ್ಕಿತು. ಕಟ್ಟಡದ ರಿಪೇರಿಯೆಲ್ಲ ತಮ್ಮನದು. ಗಾರೆ ಕೆರೆದು ನೋಡಿದ ಅವನು ಅಡ್ಡಗಾಲು ಹಾಕಿದ.

"ಅಣ್ಣಾ, ಇದು ಆಮೇಲೆ ಕಟ್ಟಿದ್ದಲ್ಲ. ಹೊರಗೋಡೆ ಇಟ್ಟಿಗೆ ಜೊತೆಗೇ ಹೆಣೆದಿದ್ದಾರೆ. ಮೇಲಿನ ಹೊಗೆಗೂಡು ಇದರ ಮೇಲೇ ಕೂತಿರೋ ಹಾಗಿದೆ. ಇಂಜಿನಿಯರನ್ನ ಕರೆಸೋಣ."

ಅಣ್ಣನಿಗೆ ಪಿತ್ತ ನೆತ್ತಿಗೇರಿತು. ಮನೆತನದ ಮಾತನ್ನೇ ಇವನು ಉಳಿ ಹಿಡಿದು ಕೆದಕಬೇಕೆ?

"ತಾತ ಸುಳ್ಳು ಹೇಳಿದ್ರಾ? ನಿಂಗೆ ಭಯ ಆದ್ರೆ ಹೇಳು, ಬೇರೆಯವರನ್ನ ಕರೀತೀನಿ."

ಆ ಮಾತು ತಮ್ಮನಿಗೆ ನಾಟಿತು. ಮಾರನೆಯ ಬೆಳಿಗ್ಗೆ ತಾನೇ ಸುತ್ತಿಗೆ ಎತ್ತಿದ. ಅರ್ಧ ಗೋಡೆ ಇಳಿಯುವಷ್ಟರಲ್ಲಿ ಮೇಲೆ ಮರ ಕಿರುಗುಟ್ಟಿತು. ತೊಲೆ, ಮಾಳಿಗೆಯ ನೆಲ, ಹೊಗೆಗೂಡು ಒಮ್ಮೆಗೇ ಕುಸಿದವು. ಅಣ್ಣ ಬಾಗಿಲಲ್ಲಿ ನಿಂತಿದ್ದ, ಬದುಕಿಕೊಂಡ. ತಮ್ಮನನ್ನು ಹೊರತೆಗೆದಾಗ ಮುಖ ನೋಡಬೇಡಿ ಎಂದು ಅಗ್ನಿಶಾಮಕದವರೇ ತಡೆದರು.

ಮಣ್ಣು ಮಾಡಿ ಬಂದು, ನೆಂಟರೆಲ್ಲ ಹೊರಟ ಮೇಲೆ ತಮ್ಮನ ಹೆಂಡತಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೇಳಿದಳು.

"ಭಾವ, ಒಂದು ಮೊಳೆ ಹೊಡೆಯೋಕೂ ಹತ್ತು ಸಲ ನೋಡೋರು ಅವರು. ಇದು ಗೊತ್ತಾಗ್ಲಿಲ್ವಾ? ನಿಮ್ಮ ಹತ್ರ ಏನೂ ಹೇಳ್ಲಿಲ್ವಾ?"

ನಿಜ ಹೇಳಿಬಿಡಬೇಕೆಂದೇ ಅಣ್ಣ ಬಾಯಿ ತೆರೆದ. ಹೇಳಿದರೆ ಈಕೆ ಇನ್ನು ತನ್ನ ಮುಖ ನೋಡುವುದಿಲ್ಲ, ತಮ್ಮನ ಮಗುವನ್ನು ಎತ್ತಿಕೊಳ್ಳಲೂ ಬಿಡುವುದಿಲ್ಲ.

"ಇಲ್ಲಮ್ಮ," ಎಂದ. "ನಾನೇ ತಡಿ ಅಂದೆ. ಅವನು ಕೇಳ್ಲಿಲ್ಲ."

ಆಕೆ ಅಷ್ಟು ಹೊತ್ತೂ ಅತ್ತಿರಲಿಲ್ಲ. ಈಗ ಸತ್ತ ಗಂಡನಿಗೆ ಬಾಯಿಗೆ ಬಂದಂತೆ ಶಾಪ ಹಾಕುತ್ತ, ಹಟಮಾರಿ, ನಮ್ಮನ್ನು ನಡುನೀರಿನಲ್ಲಿ ಕೈಬಿಟ್ಟ ಎಂದು ಗೋಳಾಡಿದಳು. ಅಣ್ಣ ಅವಳ ತಲೆ ಸವರಿದ.

"ಬಿಡಮ್ಮ," ಎಂದ, "ಅವನನ್ನ ಕ್ಷಮಿಸಿಬಿಡು."