ಓಬಳೇಶನ ಹೆಬ್ಬೆರಳು

ಜನವರಿ ಒಂಬತ್ತರ ಬೆಳಿಗ್ಗೆ ಎಂಟು ಗಂಟೆ ಹದಿನಾಲ್ಕು ನಿಮಿಷಕ್ಕೆ ಓಬಳೇಶ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಒಂದು ದಿಬ್ಬದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಕೃಷ್ಣಮೃಗಗಳನ್ನು ಎಣಿಸುತ್ತಿದ್ದ. ಎಣಿಸುತ್ತಿದ್ದಾನೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಜೊತೆಗಿದ್ದ ಹತ್ತು ಅಭ್ಯರ್ಥಿಗಳು ಬೆರಳು ಚಾಚಿ, ತುಟಿ ಅಲ್ಲಾಡಿಸಿ, ನಡುವೆ ತಪ್ಪಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದರೆ, ಇವನ ಬಾಯಿ ಮುಚ್ಚಿತ್ತು, ತಲೆ ನೆಟ್ಟಗಿತ್ತು; ಬಲಗೈಯ ಹೆಬ್ಬೆರಳು ಮಾತ್ರ ಕಿರುಬೆರಳಿನ ಬುಡದಿಂದ ಹೊರಟು, ಗೆಣ್ಣಿನಿಂದ ಗೆಣ್ಣಿಗೆ ನಡೆದು, ತೋರುಬೆರಳಿನ ತುದಿ ಮುಟ್ಟಿ ಮತ್ತೆ ಬುಡಕ್ಕೆ ಮರಳುತ್ತಿತ್ತು. ನಾಲ್ಕು ಬೆರಳಿಗೆ ಮೂರು ಮೂರರಂತೆ ಹನ್ನೆರಡು ಗೆಣ್ಣು. ಒಂದು ಸುತ್ತು ಮುಗಿದರೆ ಎಡಗೈಯ ಒಂದು ಬೆರಳು ಮಡಚಿಕೊಳ್ಳುತ್ತದೆ. ಎಣಿಕೆ ನಿಂತ ಗೆಣ್ಣಿಗೆ ಮುಂದಿನ ಎಣಿಕೆಯವರೆಗೂ ಹೆಬ್ಬೆರಳು ತಾನಾಗಿ ಮರಳಿ ಬರುತ್ತಿರುತ್ತದೆ. ಉಣ್ಣುವಾಗ ಬಿಟ್ಟರೂ ಕೈ ತೊಳೆದ ಮೇಲೆ ಅಲ್ಲಿಗೇ ಹೋಗಿ ಕೂರುತ್ತದೆ.

ಹುಲ್ಲುಗಾವಲಿನ ಪ್ರಾಣಿಗಳ ಲೆಕ್ಕ ಇಡುವ ಅಧ್ಯಯನ ತಂಡವೊಂದು ಇಬ್ಬರು ಸಹಾಯಕರನ್ನು ಹುಡುಕುತ್ತಿತ್ತು. ಪರೀಕ್ಷೆ ನಡೆಸಿದ ದಿವ್ಯಾ ಮೇಡಂ ಹನ್ನೆರಡು ಬಗೆಯ ಹುಲ್ಲಿನ ಹೆಸರು ಕೇಳಿದರು, ಎರಡು ಕಿಲೋಮೀಟರು ನಡೆಸಿದರು, ಕೊನೆಗೆ ದಿಬ್ಬ ಹತ್ತಿಸಿ, ಹತ್ತು ನಿಮಿಷ ಕೊಟ್ಟು, ಕಂಡಷ್ಟು ಜಿಂಕೆಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಿ ಎಂದರು. ಓಬಳೇಶ 46 ಎಂದು ಬರೆದು ಕೊಟ್ಟ.

ಅವನಿಗೆ ಮೂವತ್ತೆಂಟು. ಊರು ರಾಂಪುರದಿಂದ ಒಳಗೆ ನಾಲ್ಕು ಕಿಲೋಮೀಟರು. ಅಪ್ಪ ಗಾದ್ರಪ್ಪ ಆಯುಷ್ಯವೆಲ್ಲ ದನ ಕಾದವನು. ಮಗ ಕುರಿ ಕಾದ, ಹೋದ ವರ್ಷ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊತ್ತ. ಮೊದಲ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುವ ಆ ಕೆಲಸದಲ್ಲಿ ಅವನನ್ನು ಕಾಡಿದ್ದು ಹೊರೆಯಲ್ಲ. ಅಲ್ಲಿ ಎಣಿಸಲು ಮೂಟೆಗಳಿದ್ದವು, ಮೂಟೆಗಳು ಅಲ್ಲಾಡುತ್ತಿರಲಿಲ್ಲ. ಈ ಕೆಲಸ ಸಿಕ್ಕರೆ ಕಾವಲಿನ ಮೇಲೆಯೇ ನಡೆದಾಡಿಕೊಂಡು ಬದುಕಬಹುದು. ಸಿಗದಿದ್ದರೆ ಮಾರ್ಚಿನಿಂದ ಮತ್ತೆ ಮಿಲ್ಲು.

ಮಂದೆಯ ಹಿಂದೆ ನಡೆದು ಬೆಳೆದವನಾದ್ದರಿಂದ ನಾಲ್ಕು ಜನರೊಡನೆ ಹೊರಟರೂ ಅವನು ಕೊನೆಯಲ್ಲೇ ಉಳಿಯುತ್ತಾನೆ. ಮದುವೆಯ ದಿಬ್ಬಣದಲ್ಲೂ, ಬಸ್ಸು ಹತ್ತುವಾಗಲೂ. ಚಳಿಗಾಲಕ್ಕೆ ಒಂದು ಖಾಕಿ ಸ್ವೆಟರು. ಅದರ ಎಡ ಜೇಬು ಹೊಸದರಂತಿದೆ, ಬಲ ಜೇಬು ಒಳಗಿನಿಂದ ಸವೆದು ಜಾಲರಿಯಾಗಿದೆ. ಎಣಿಸುವುದನ್ನು ಯಾರೂ ನೋಡದಿರಲೆಂದು ಕೈಯನ್ನು ಅದರೊಳಗೆ ಇಟ್ಟಿರುತ್ತಾನೆ. ಕುರಿ ಎಷ್ಟಿವೆ ಎಂದರೂ, ಬಸ್ಸಿನಲ್ಲಿ ಎಷ್ಟು ಜನ ಇದ್ದರು ಎಂದರೂ ಉತ್ತರ ಒಂದೇ: “ಇರೋವಷ್ಟು ಅವೆ.”

ಇದು ಅವನೊಬ್ಬನ ಹಟವಲ್ಲ, ಮನೆತನದ್ದು. ಆ ಮನೆಯಲ್ಲಿ ಜೀವಗಳ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದರೆ ಒಂದು ಕಡಿಮೆ ಹೇಳುತ್ತಾರೆ. ಕೊನೆಗೆ ಕಣ್ಣಿಗೆ ಬಿದ್ದ ಆ ಒಂದನ್ನು ಹೇಳದೆ ತಮ್ಮಲ್ಲೇ ಉಳಿಸಿಕೊಳ್ಳುತ್ತಾರೆ. ದೃಷ್ಟಿಯಾಗದಿರಲೆಂದು ಊರವರು ಅರ್ಥ ಹೇಳುತ್ತಾರೆ. ಗಾದ್ರಪ್ಪನನ್ನು ಕೇಳಿದರೆ, “ಪೂರಾ ಹೇಳಿಬಿಟ್ರೆ ನಮ್ಮತ್ರ ಏನು ಉಳೀತು?” ಎನ್ನುತ್ತಾನೆ. ದನಗಳಿಗೆ ಚುಚ್ಚುಮದ್ದು ಹಾಕಲು ಬರುತ್ತಿದ್ದ ಕೊಟ್ಟೂರಪ್ಪ ಎಂಬ ಕಾಂಪೌಂಡರು ಮೊದಲ ವರ್ಷ ಒಂದು ದನಕ್ಕೆ ಮದ್ದು ಸಾಲದೆ ರಾಂಪುರಕ್ಕೆ ವಾಪಸು ಹೋಗಿ ತಂದನಂತೆ. ಮರುವರ್ಷದಿಂದ ಗಾದ್ರಪ್ಪ ಹೇಳಿದ ಸಂಖ್ಯೆಗೆ ಒಂದು ಸೇರಿಸಿಯೇ ತರುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಇಬ್ಬರೂ ಒಂದು ದಿನವೂ ಆ ಮಾತೆತ್ತಲಿಲ್ಲ.

ಓಬಳೇಶನ ಹೆಂಡತಿ ನಾಗರತ್ನ ಮಾತ್ರ ಎತ್ತುತ್ತಾಳೆ. “ನಮ್ಮಪ್ಪ ಸಂಬಂಧ ನೋಡೋಕೆ ಬಂದಾಗ ಗಂಡುಮಕ್ಕಳು ಎಷ್ಟು ಜನ ಅಂತ ಕೇಳಿದ್ರೆ ಮಾವ ಇಬ್ರು ಅಂದ್ರು. ನಾನು ಬಂದು ಮುದ್ದೆ ತಿರುವಿದ ದಿನ ನೋಡ್ತೀನಿ, ಮೂರು ಜನ ಸಾಲಾಗಿ ಕೂತವ್ರೆ.”

ಪರೀಕ್ಷೆಯ ದಿನ ಚಳ್ಳಕೆರೆಯಿಂದ ವಾಪಸು ಬರುವಾಗ, ತಳಕು ದಾಟಿದ ಮೇಲೆ, ಕಂಡಕ್ಟರು ಚಿಲ್ಲರೆ ಕೊಡಲು ಬಂದಾಗ ಓಬಳೇಶ ಜೇಬಿನಿಂದ ಕೈ ತೆಗೆದ. ಹೆಬ್ಬೆರಳು ತೋರುಬೆರಳಿನ ನಡುಗೆಣ್ಣಿನ ಮೇಲಿತ್ತು. ಅದು ಹನ್ನೊಂದನೆಯ ಗೆಣ್ಣು. ಅದಕ್ಕೆ ಮೊದಲು ಪೂರಾ ಮೂರು ಸುತ್ತು ಆಗಿದ್ದುದು ಚೆನ್ನಾಗಿ ನೆನಪಿತ್ತು. ಮನಸ್ಸಿನಲ್ಲೇ ಕೂಡಿದ, ಇನ್ನೊಮ್ಮೆ ಕೂಡಿದ. ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಹೆಚ್ಚು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಕೈ ಅಲ್ಲೂ ಮಾಡಿತ್ತು: ಬೇರೆಯವರಿಗೆ ಕೊಡುವ ಲೆಕ್ಕವಲ್ಲವೇ ಎಂದು, ಒಂದನ್ನು ಉಳಿಸಿಕೊಂಡು ಬರೆದಿತ್ತು.

ಫಲಿತಾಂಶವನ್ನು ಫೋನಿನಲ್ಲಿ ತಿಳಿಸುತ್ತೇವೆ ಎಂದಿದ್ದರು. ಓಬಳೇಶ ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡು ಓಡಾಡತೊಡಗಿದ. ಆದರೆ ಅವನ ತಲೆಯಲ್ಲಿ ಸುತ್ತುತ್ತಿದ್ದ ಪ್ರಶ್ನೆ ಬೇರೆಯೇ ಆಗಿತ್ತು.

“ನಮ್ಮ ಚೀಟಿ ಸರಿ, ತಪ್ಪು ಅನ್ನೋಕೆ ಅವರತ್ರ ಒಂದು ಲೆಕ್ಕ ಇರ್ಬೇಕಲ್ಲ. ಅದನ್ನ ಯಾರು ಎಣಿಸಿರ್ತಾರೆ? ಅವರದ್ದು ಸರಿ ಅಂತ ಅವರಿಗೆ ಹೇಳೋರು ಯಾರು?”

“ಕೆಲಸ ಸಿಗುತ್ತಾ ಇಲ್ವಾ ಅಂತ ನೋಡ್ರಿ ಅಂದ್ರೆ,” ಎಂದಳು ನಾಗರತ್ನ, “ಇವ್ರು ಮೇಷ್ಟ್ರಿಗೇ ಪರೀಕ್ಷೆ ಇಡ್ತಾರೆ.”

ನಾಲ್ಕನೆಯ ದಿನ ತನ್ನದೇ ಖರ್ಚಿನಲ್ಲಿ ಬಸ್ಸು ಹತ್ತಿ, ಎಂಟು ಗಂಟೆಗೆಲ್ಲ ಅದೇ ದಿಬ್ಬ ಏರಿ ಕುಳಿತ. ಹಿಂಡು ಅಲ್ಲೇ ಇತ್ತು. ಎಣಿಕೆ ಮಾತ್ರ ಅವನು ಹುಡುಕಿಕೊಂಡು ಹೋದದ್ದಾಗಿರಲಿಲ್ಲ. ಮೂರು ಕಡಿಮೆ ಇದ್ದವು. ಯಾವುದೋ ಕೊಂಬಿನ ಗಂಡು ಬೇರೆ ಹಿಂಡಿಗೆ ಹೋಗಿರಬಹುದು, ಇನ್ನೆರಡು ತಗ್ಗಿನಲ್ಲಿ ಮಲಗಿರಬಹುದು. ಒಂಬತ್ತನೆಯ ತಾರೀಕಿನ ಆ ಹತ್ತು ನಿಮಿಷದ ಸಂಖ್ಯೆ ಆ ಹತ್ತು ನಿಮಿಷಕ್ಕೇ ಸೇರಿದ್ದು, ಅದನ್ನು ಮತ್ತೆ ಹೋಗಿ ನೋಡಿಬರಲಾಗದು ಎಂಬುದು ಅವನಿಗೆ ಅಲ್ಲಿ ಹೊಳೆಯಿತು. ಅದು ಈಗ ಎರಡೇ ಕಡೆ ಉಳಿದಿತ್ತು: ದಿವ್ಯಾ ಮೇಡಂ ಬಳಿ, ಇವನ ಗೆಣ್ಣಿನ ನೆನಪಿನಲ್ಲಿ.

ಹೇಳಿದರೆ, ಯಾರಿಂದಲೋ ಕೇಳಿಕೊಂಡು ಈಗ ತಿದ್ದುತ್ತಿದ್ದಾನೆ ಎಂದಾರು. ಹೇಳದಿದ್ದರೆ, ಇವನಿಗೆ ಒಂದು ಜಿಂಕೆ ಕಾಣಲೇ ಇಲ್ಲ ಎಂದು ತೀರ್ಮಾನಿಸಿಯಾರು. ಎರಡನೆಯದನ್ನು ಸಹಿಸುವುದು ಅವನಿಗೆ ಹೆಚ್ಚು ಕಷ್ಟವಾಗಿತ್ತು. ಹನ್ನೊಂದನೆಯ ದಿನ ಸಂಜೆ ಅಂಗಳದಲ್ಲಿ ಅಪ್ಪನ ಮುಂದೆ ವಿಷಯ ಇಟ್ಟ. ಗಾದ್ರಪ್ಪ ಕೇಳಿಸಿಕೊಂಡ; ಸಿಟ್ಟು ಬಂದಾಗ ತೆಲುಗಿಗೆ ಹೊರಳುವುದು ಅವನ ರೂಢಿ.

“ನುವ್ವೆವರ್ರಾ, ನೀನ್ಯಾವನ್ಲಾ ಉಳಿಸೋಕೆ? ಜಿಂಕೆ ಏನು ನಿಮ್ಮಪ್ಪನ ಮನೆ ದನವೇನ್ಲಾ?”

“ಅವರಪ್ಪ ನೀವೇ ಮಾವ,” ಎಂದಳು ನಾಗರತ್ನ ಒಲೆಯ ಮುಂದಿನಿಂದ.

“ಅದಕ್ಕೇ ಹೇಳ್ತಿರೋದು, ನನಗೆ ಗೊತ್ತಿಲ್ವಾ ನಮ್ಮವು ಯಾವು ಅಂತ. ನಮ್ಮವುಗಳಲ್ಲಿ ಒಂದು ಉಳಿಸ್ಕೋಬೇಕು. ಕಾವಲಿನವು ಅವುಗಳಷ್ಟಕ್ಕೆ ಅವೆ.”

“ಆಗ್ಲೇ ತಮ್ಮವು ಅಂದ್ಕಂಡು ಬರ್ದು ಬಂದವ್ರೆ ನಿಮ್ಮ ಮಗ. ಕೆಲಸ ಇನ್ನೂ ಸಿಕ್ಕಿಲ್ಲ,” ಎಂದಳು ಅವಳು. ಆಮೇಲೆ ದನಿ ಇಳಿಸಿ, “ಫೋನ್ ಮಾಡ್ರಿ. ಬೈದ್ರೆ ಬೈಸ್ಕಳನ,” ಎಂದಳು.

ಓಬಳೇಶ ಅಲ್ಲಿಯೇ ನಿಂತು ಫೋನು ಮಾಡಿದ. ಉಳಿಸಿಕೊಳ್ಳುವ ರೂಢಿಯಿಂದ ಮೊದಲುಗೊಂಡು ಬಸ್ಸಿನ ಚಿಲ್ಲರೆಯವರೆಗೆ ಎಲ್ಲವನ್ನೂ ಹೇಳಿದ. ದಿವ್ಯಾ ಮೇಡಂ ನಡುವೆ ಬಾಯಿ ಹಾಕದೆ ಕೇಳಿ, ಚೀಟಿ ಕೊಟ್ಟಾದ ಮೇಲೆ ತಿದ್ದುವ ಹಾಗಿಲ್ಲ ಎಂದರು.

“ತಿದ್ದಬ್ಯಾಡ್ರಿ ಮೇಡಂ. ಅದು ಹಂಗೇ ಇರ್ಲಿ. ನನಗೆ ಕಂಡಿಲ್ಲ ಅಂತ ಮಾತ್ರ ಅಂದ್ಕೋಬ್ಯಾಡ್ರಿ. ಕಂಡಿತ್ತು, ಉಳಿಸಿದ್ದೆ.” ಅದೇ ಉಸಿರಿನಲ್ಲಿ, “ನಿಮ್ಮ ಲೆಕ್ಕ ಎಷ್ಟಿತ್ತು?” ಎಂದ.

“ಅದನ್ನ ನಾನು ಈಗ ಹೇಳೋ ಹಾಗಿಲ್ಲ ಓಬಳೇಶ್ ಅವರೆ. ನೀವು ಉಳಿಸಿದ್ದು ಎಲ್ಲಿತ್ತು, ಹೇಳಿ.”

“ಬಲಗಡೆ ಜಾಲಿ ಗಿಡ ಇತ್ತಲ್ಲ, ಅದರ ಹಿಂದೆ. ಮರಿ. ಮಲಗಿತ್ತು. ಕಿವಿ ಎರಡೇ ಕಾಣ್ತಿದ್ದವು.”

ಆ ಕಡೆ ಕಾಗದ ತಿರುವಿದ ಸದ್ದು ಕೇಳಿತು. ಆಮೇಲೆ, “ಸಂಖ್ಯೆನ ನಿಮ್ಮ ಬಾಯಲ್ಲೇ ಹೇಳಿ, ಬರ್ಕೋತೀನಿ,” ಎಂದರು.

ಇದನ್ನು ಬರೆಯುತ್ತಿರುವ ದಿನಕ್ಕೆ ಪರೀಕ್ಷೆಯಾಗಿ ಮೂವತ್ತಮೂರು ದಿನ. ಕೆಲಸದ ಸುದ್ದಿ ಇನ್ನೂ ಬಂದಿಲ್ಲ. ಓಬಳೇಶ ಅಂಗಿಯ ಜೇಬಿನ ಗುಂಡಿಯನ್ನು ಇನ್ನೂ ಬಿಚ್ಚಿಲ್ಲ. ಒಂದು ಕಡಿಮೆ ಹೇಳುವವರನ್ನು ಲೋಕ ಸುಳ್ಳರೆಂದೋ ಲೆಕ್ಕ ಬಾರದವರೆಂದೋ ಸುಲಭವಾಗಿ ತಿಳಿದುಬಿಡುತ್ತದೆ. ಹತ್ತಿರದಿಂದ ನೋಡಿದರೆ, ಉಳಿದೆಲ್ಲಕ್ಕಿಂತ ಹೆಚ್ಚು ಗಮನವಿಟ್ಟು ಅವರು ನೋಡಿರುವುದು ಹೇಳದೆ ಬಿಟ್ಟ ಆ ಒಂದನ್ನೇ. ಅದು ಎಲ್ಲಿ ಮಲಗಿತ್ತು, ಅದರ ಕಿವಿ ಯಾವ ಕಡೆ ತಿರುಗಿತ್ತು ಎಂಬುದು ಅವರಿಗೆ ಮರೆಯುವುದಿಲ್ಲ. ಇಂಥವರು ಉಳಿಸಿಕೊಂಡದ್ದನ್ನು ತಾವಾಗಿ ಬಿಟ್ಟುಕೊಡುವುದು ಅಪರೂಪ, ಬಿಟ್ಟುಕೊಟ್ಟಾಗ ಅದು ಲಾಭದ ಆಸೆಗಿಂತ ಹೆಚ್ಚಾಗಿ, ತಾವು ಕಂಡದ್ದು ಕಾಣಲಿಲ್ಲವೆಂದು ಆಗಬಾರದೆಂಬ ಕಾರಣಕ್ಕೆ.

ಆ ಸಂಜೆ ಓಬಳೇಶ ಫೋನು ಹಿಡಿದುಕೊಂಡೇ ಒಮ್ಮೆ ಅಪ್ಪನ ಕಡೆ ನೋಡಿದ. ಗಾದ್ರಪ್ಪ ಕಂಬಳಿ ಹೊದೆಯುವ ನೆಪದಲ್ಲಿ ಮುಖ ಆಚೆ ತಿರುಗಿಸಿಕೊಂಡ. ಆಗ ಓಬಳೇಶ, ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವಂತೆ, ಬಾಯಿಬಿಟ್ಟು ಹೇಳಿದ: “ನಲವತ್ತೇಳು.”