ಮೂರನೆಯ ಸಲ ಕೇಳಿದವರಿಗೆ

ಗುಡ್ಡದ ಮೇಲಿನ ಆ ಊರಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಆರೋಗ್ಯ ಬಂದುಬಿಟ್ಟಿತು. ಔಷಧಿಯಿಂದಲ್ಲ, ಡಾಕ್ಟರಿಂದಲ್ಲ, ಟ್ಯಾಬ್ ಹಿಡಿದು ಬಂದ ಇಬ್ಬರು ಸಮೀಕ್ಷೆಯವರಿಂದ. ಮೂಲನಿವಾಸಿಗಳ ಆರೋಗ್ಯ ಸುಧಾರಿಸಲೆಂದೇ ಬಂದಿದ್ದ ಅವರು ಅರವತ್ತೆರಡು ಮನೆಗಳ ಮುಂದೆ ನಿಂತು ಹೇಗಿದ್ದೀರಿ ಎಂದು ಕೇಳಿದರು. ಅರವತ್ತೆರಡು ಮನೆಯವರೂ ಚೆನ್ನಾಗಿದ್ದೀವಿ ಎಂದರು. ಊಟದ ಹೊತ್ತಿಗೆ ಊರಲ್ಲಿ ರೋಗಿಗಳೇ ಇರಲಿಲ್ಲ.

ಹನ್ನೆರಡು ವರ್ಷದಿಂದ ಅಲ್ಲಿನ ಉಪಕೇಂದ್ರ ನೋಡಿಕೊಳ್ಳುತ್ತಿದ್ದ ನರ್ಸಮ್ಮ ಇದನ್ನು ಕೇಳಿ ತಲೆ ಚಚ್ಚಿಕೊಂಡಳು. ಆ ಜನರ ಮರ್ಯಾದೆಯೇ ಹಾಗೆ. ಮೊದಲ ಸಲ ಕೇಳಿದಾಗಲೇ ಕಾಯಿಲೆ ಹೇಳಿಕೊಂಡರೆ ಬಂದವರ ತಲೆ ಮೇಲೆ ಹೊರೆ ಹೊರಿಸಿದಂತೆ. ಎರಡನೆಯ ಸಲ ಕೇಳಿದರೆ ಮಾತು ಹಾರಿಸುತ್ತಾರೆ. ಜೊತೆಗೆ ಕೂತು, ಅವರು ಕೊಟ್ಟ ನೀರು ಕುಡಿದು, ಮೂರನೆಯ ಸಲ ಕೇಳಿದವರಿಗೆ ಮಾತ್ರ ಇದ್ದದ್ದು ಇದ್ದಂತೆ ಹೇಳುತ್ತಾರೆ. ಇದನ್ನು ಕಲಿಯಲು ನರ್ಸಮ್ಮನಿಗೇ ಒಂದು ವರ್ಷ ಹಿಡಿದಿತ್ತು. ಆ ವರ್ಷ ಕ್ಷಯದಿಂದ ಸತ್ತ ಮುದುಕ ಕೊನೆಯ ದಿನದವರೆಗೂ ಅವಳಿಗೆ ಚೆನ್ನಾಗಿದ್ದೀನಿ ಎಂದೇ ಹೇಳಿದ್ದ. ಟ್ಯಾಬಿಗೆ ಅಷ್ಟೆಲ್ಲ ಪುರುಸೊತ್ತೆಲ್ಲಿ? ಅದರಲ್ಲಿ ಉತ್ತರಕ್ಕೆ ಇದ್ದದ್ದು ಒಂದೇ ಚೌಕ.

ಹದಿನೈದೇ ದಿನದಲ್ಲಿ ಪ್ರಶಸ್ತಿ ಬಂತು. ತಂದವರು ಶೇಕಡಾ ಸಾಹೇಬರು. ಕೆಮ್ಮನ್ನೂ ನೂರಕ್ಕೆ ಇಷ್ಟು ಎಂದೇ ಹೇಳುವ ಆ ಅಧಿಕಾರಿಗೆ ನರ್ಸಮ್ಮ ಬೆನ್ನ ಹಿಂದೆ ಇಟ್ಟ ಹೆಸರದು. ಅವರ ಕಾರು ಅರ್ಧ ದಾರಿಯಲ್ಲೇ ಕೈಕೊಟ್ಟಿದ್ದರಿಂದ ಊರಿನ ಆಂಬುಲೆನ್ಸ್ ಜೀಪೇ ಹೋಗಿ ಅವರನ್ನು ಮೇಲೆ ತಂದಿತ್ತು. ಫಲಕ ಕೊಟ್ಟು, ಫೋಟೊ ತೆಗೆಸಿಕೊಂಡು, ಇನ್ನೊಂದು ಸಂತೋಷದ ಸುದ್ದಿ ಹೇಳಿದರು: ರೋಗಿಗಳಿಲ್ಲದ ಊರಿಗೆ ಜೀಪು ಯಾಕೆ, ಅದು ಇವತ್ತೇ ತಮ್ಮ ಜೊತೆ ಪಟ್ಟಣಕ್ಕೆ ಬರುತ್ತದೆ.

ಊರಲ್ಲಿ ಮೂವರು ಬಸುರಿಯರಿದ್ದರು. ಅವರಲ್ಲಿ ಕೊನೆಯ ಮನೆಯ ಹುಡುಗಿಗೆ ಎಂಟು ತಿಂಗಳು, ಕಾಲು ಊದಿಕೊಂಡಿತ್ತು, ಬಿಪಿ ಏರುತ್ತಲೇ ಇತ್ತು. ಆಸ್ಪತ್ರೆಗೆ ಹೋಗೋಣ ಬಾ ಎಂದು ನರ್ಸಮ್ಮ ಕರೆದರೆ ನಾಳೆ ನೋಡೋಣ ಅಕ್ಕಾ ಎನ್ನುತ್ತಿದ್ದಳು. ಜೀಪು ಹೋದರೆ ಆ ನಾಳೆಯೂ ಹೋದಂತೆ.

ನರ್ಸಮ್ಮ ಸಾಹೇಬರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ತಾಳ್ಮೆಯಿಂದ ಕೇಳಿ, ವರದಿಯಲ್ಲಿ ಅಂಥ ಬಸುರಿ ಯಾರೂ ಇಲ್ಲವಲ್ಲ ಎಂದರು. ನರ್ಸಮ್ಮ ಹೋಗಿ, ವರದಿಯಲ್ಲಿಲ್ಲದ ಬಸುರಿಯನ್ನು ಕೈಹಿಡಿದು ಕರೆತಂದು ಜೀಪಿನ ಹಿಂದೆ ಮಲಗಿಸಿ, ತಾನೂ ಹತ್ತಿ ಕೂತಳು. ಸಾಹೇಬರಿಗೆ ಎದುರಿನ ಬೆಂಚು ಉಳಿಯಿತು.

"ಹೇಗಿದ್ದೀಯಮ್ಮಾ?" ಎಂದರು ಸಾಹೇಬರು.

"ಚೆನ್ನಾಗಿದ್ದೀನಿ ಅಣ್ಣಾ."

ಅವರು ಗೆದ್ದವರಂತೆ ನರ್ಸಮ್ಮನ ಮುಖ ನೋಡಿದರು.

"ಇನ್ನೂ ಎರಡು ಸಲ ಕೇಳಿ ಸಾರ್. ನಾಲ್ಕು ಗಂಟೆ ದಾರಿ ಇದೆ."

ಹೊತ್ತು ಹೋಗದೆ ಎರಡನೆಯ ಸಲ ಕೇಳಿದರು. ಹುಡುಗಿ ಬಿಸಿಲು ಜಾಸ್ತಿ ಎಂದು ತನ್ನ ನೀರಿನ ಬಾಟಲಿ ಕೊಟ್ಟಳು. ಕುಡಿದು ಬಾಯಿ ಒರೆಸಿಕೊಳ್ಳುತ್ತ, ಅದೇನನ್ನಿಸಿತೋ, ಮೂರನೆಯ ಸಲವೂ ಕೇಳಿದರು.

"ನೆನ್ನೆಯಿಂದ ಕಣ್ಣು ಮಂಜಾಗಿದೆ ಅಣ್ಣಾ. ನಿಮ್ಮ ಮುಖಾನೂ ಸರಿಯಾಗಿ ಕಾಣ್ತಿಲ್ಲ."

ಬಿಪಿ ಕಣ್ಣಿನವರೆಗೆ ಏರಿದರೆ ಜೀವಕ್ಕೇ ಅಪಾಯವೆಂದು ತಿಳಿದಿದ್ದ ಸಾಹೇಬರ ಮುಖ ಬಿಳಿಚಿಕೊಂಡಿತು. ಬೇಗ ಓಡಿಸಪ್ಪಾ ಎಂದು ಡ್ರೈವರಿಗೆ ಕೂಗಿ ಹೇಳಿದರು. ಮನುಷ್ಯ ಕೆಟ್ಟವನಲ್ಲ ಎಂದು ನರ್ಸಮ್ಮನಿಗೆ ಅನ್ನಿಸಿದ್ದು ಆಗಲೇ. ಸಂಜೆ ಆಪರೇಷನ್ ಆಗಿ ತಾಯಿ, ಮಗು ಇಬ್ಬರೂ ಉಳಿದರು.

ಸಾಹೇಬರು ಪಾಠ ಕಲಿತರು. ಕಲಿತದ್ದನ್ನು ಕೂಡಲೇ ಆದೇಶವಾಗಿಸಿದರು. ಈಗ ಟ್ಯಾಬಿನಲ್ಲಿ ಒಂದರ ಕೆಳಗೊಂದು ಮೂರು ಚೌಕಗಳಿವೆ. ಸಮೀಕ್ಷೆಯವರು ಹೊಸಿಲು ದಾಟದೆ, ಒಂದೇ ಉಸಿರಿಗೆ ಹೇಗಿದ್ದೀರಿ, ಹೇಗಿದ್ದೀರಿ, ಹೇಗಿದ್ದೀರಿ ಎನ್ನುತ್ತಾರೆ. ಜನ ಅಷ್ಟೇ ಮರ್ಯಾದೆಯಿಂದ ಮೂರು ಸಲವೂ ಚೆನ್ನಾಗಿದ್ದೀವಿ ಎನ್ನುತ್ತಾರೆ. ಊರಿನ ಆರೋಗ್ಯ ಹಿಂದಿಗಿಂತ ಮೂರು ಪಟ್ಟು ಸುಧಾರಿಸಿದೆ ಎಂದು ಮೊನ್ನೆ ಅಭಿನಂದನಾ ಪತ್ರ ಬಂತು. ಜೀಪು ಬರಲಿಲ್ಲ. ನರ್ಸಮ್ಮ ಪತ್ರವನ್ನು ಮೇಜಿನ ಮೇಲೆ ಬಿಸಾಡಿ, ಉಳಿದಿಬ್ಬರು ಬಸುರಿಯರನ್ನು ಜೋಲಿಯಲ್ಲಿ ಕೆಳಗೆ ಹೊತ್ತೊಯ್ಯಲು ಎಂಟು ಗಟ್ಟಿ ಹೆಗಲು ಹುಡುಕಿಕೊಂಡು ಹೊರಟಳು.