ತಾಳ ಹಿಡಿಯದ ಪೆಟ್ಟಿಗೆಗಳು

ಕಲ್ಯದ ಶಿವರಾಜು ಸ್ಪೀಕರ್ ಆರಿಸುವುದು ಊರಿಗೆಲ್ಲ ತಮಾಷೆಯಾಗಿತ್ತು. ಹೆಣ್ಣು ನೋಡಲು ಹೋದವರೂ ಇಷ್ಟು ಕೊಂಕು ತೆಗೆಯುವುದಿಲ್ಲ. ರಾಮನಗರದಲ್ಲಿ ಸ್ಪೀಕರ್ ಅಂಗಡಿ ಇಟ್ಟಿದ್ದ ಮುಕ್ತಿಯಾರ್ ಬೆಂಗಳೂರಿನಿಂದ ಎದೆಯೆತ್ತರದ ಮರದ ಪೆಟ್ಟಿಗೆಗಳನ್ನು ಜೊತೆಜೊತೆಯಾಗಿ ತರಿಸಿ ಕೇಳಿಸಿದ್ದ, ಇವನು ಬಂದದ್ದನ್ನೆಲ್ಲ ಬೇಡವೆಂದಿದ್ದ. ಬಿಡದಿಗೆ ಫ್ಯಾಕ್ಟರಿಗಳು ಬಂದಮೇಲೆ ಇಂಥ ಶೋಕಿಯ ಗಿರಾಕಿಗಳು ಹುಟ್ಟಿಕೊಂಡಿದ್ದರು ನಿಜ, ಆದರೆ ಇಂಥ ಹಟದವನನ್ನು ಮುಕ್ತಿಯಾರ್ ಕಂಡಿರಲಿಲ್ಲ.

ಶಿವರಾಜುಗೆ ಬೇಕಾಗಿದ್ದದ್ದು ಒಂದೇ. ಅವನಪ್ಪ ಮಂಚಯ್ಯ ಭಜನೆಯಲ್ಲಿ ತತ್ವಪದ ಹಾಡಿದ ಒಂದು ಕ್ಯಾಸೆಟ್ ಉಳಿದಿತ್ತು. ಹಾಡುವಾಗ ಮುದುಕ ಕೈಯಲ್ಲಿ ಪುಟ್ಟ ಕಂಚಿನ ತಾಳ ಹಿಡಿದಿರುತ್ತಿದ್ದ. ಅಪ್ಪ ಸತ್ತ ವರ್ಷದ ಎಡೆಗೆ ನೆಂಟರೆಲ್ಲ ಕೂತಾಗ ಆ ದನಿ, ಆ ತಾಳ ಮನೆಯೊಳಗೆ ಮತ್ತೆ ಕೇಳಬೇಕು. ದನಿಯೇನೋ ಎಲ್ಲ ಪೆಟ್ಟಿಗೆಯಲ್ಲೂ ಗಟ್ಟಿಯಾಗಿ ಬಂದಿತ್ತು. ತಾಳ ಮಾತ್ರ ಯಾವುದರಲ್ಲೂ ಬರಲಿಲ್ಲ ಎಂದು ಅವನ ದೂರು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ತಗೊಳ್ಳೋ ಮನ್ಸಿಲ್ಲ, ಪೆಟ್ಗೆ ಮ್ಯಾಲೆ ಯಾಕ್ಲಾ ತಪ್ಪೊರುಸ್ತೀಯ?" ಎಂದು ತಾಯಿ ತಿಮ್ಮಮ್ಮ ಮಗನನ್ನು ಛೇಡಿಸಿದಳು. ಎಲ್ಲರೂ ನಕ್ಕರು. ಹೆಂಡತಿ ವರಲಕ್ಷ್ಮಿ ನಗಲಿಲ್ಲ.

ಅವಳಿಗೆ ನಗು ಬಾರದ್ದಕ್ಕೆ ಕಾರಣವಿತ್ತು. ಮೊನ್ನೆ ಮಳೆ ಬಿದ್ದ ಸಂಜೆ ಜಗುಲಿಯಲ್ಲಿ ಕೂತ ಗಂಡ, "ಈ ಸಲ ಜೀರುಂಡೆಗಳೇ ಇಲ್ಲ ಕಣಮ್ಮಿ. ಫ್ಯಾಕ್ಟ್ರಿ ಹೊಗೆಗೆ ಎಲ್ಲಾ ಸತ್ತೋದ್ವು" ಎಂದಿದ್ದ. ಹಾಗೆನ್ನುವಾಗ ಹಿತ್ತಲಿನ ತುಂಬ ಜೀರುಂಡೆಗಳು ಕಿವಿ ಕೊರೆಯುತ್ತಿದ್ದವು. ತಮಾಷೆಗೆ ಅಂದನೋ ಏನೋ ಎಂದು ಅವನ ಮುಖ ನೋಡಿದಳು. ಮುಖದಲ್ಲಿ ತಮಾಷೆ ಇರಲಿಲ್ಲ. ಅವತ್ತಿನಿಂದ ಅವಳಿಗೆ ಒಂದು ಹೆದರಿಕೆ ಹತ್ತಿಕೊಂಡಿತ್ತು.

ಶಿವರಾಜು ಕಿವಿಗೆ ಹೆಸರಾದವನು. ಮಾಗಡಿ ಸಂತೆಯಲ್ಲಿ ಹೆಂಗಸರು ಅವನನ್ನು ಕರೆದು ಮಡಕೆ ತಟ್ಟಿಸುತ್ತಿದ್ದರು. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದಿನಲ್ಲೇ ಹೇಳಿಬಿಡುತ್ತಿದ್ದ. ಈಗ ಕೆಲವು ವರ್ಷಗಳಿಂದ ಅವನಿಗೆ ಬಿಡದಿಯ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ದೈತ್ಯ ಯಂತ್ರದ ಮುಂದೆ ಕೆಲಸ. ಕಿವಿಗೆ ಇಟ್ಟುಕೊಳ್ಳಲೆಂದು ಅಲ್ಲಿ ಕೊಟ್ಟ ರಬ್ಬರ್ ಬಿರಡೆಗಳು ವರಲಕ್ಷ್ಮಿ ಅವನ ಅಂಗಿ ಒಗೆಯುವಾಗಲೆಲ್ಲ ಜೇಬಿನಲ್ಲಿ ಸಿಗುತ್ತಿದ್ದವು, ಬಳಸದೆ ಹೊಸದಾಗಿಯೇ. ಕೇಳಿದರೆ, "ಸದ್ದು ಕೇಳ್ದೆ ಮಿಷಿನ್ ನಾಡಿ ಹೆಂಗಮ್ಮಿ ಗೊತ್ತಾಯ್ತದೆ? ಅವೆಲ್ಲ ಕಿವಿ ಇಲ್ದೋರಿಗೆ" ಎನ್ನುತ್ತಿದ್ದ. ಹೆಸರು ಮಾಡಿದ ಗಂಡಸಿಗೆ ಬುದ್ಧಿ ಹೇಳುವವರು ಯಾರು?

ಹೊಸ ಜೊತೆ ಬಂದಿದೆ ಎಂದು ಮುಕ್ತಿಯಾರ್ ಹೇಳಿಕಳಿಸಿದಾಗ ವರಲಕ್ಷ್ಮಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳದು ಒಂದೇ ಮೊರೆ: ತಾಳ ನನಗೂ ಕೇಳದಿರಲಿ ತಾಯಿ, ತಪ್ಪು ಪೆಟ್ಟಿಗೆಯದೇ ಆಗಿರಲಿ.

ಅಂಗಡಿಯಲ್ಲಿ ಮುಕ್ತಿಯಾರ್ ಇಬ್ಬರನ್ನೂ ಸೋಫಾದಲ್ಲಿ ಕೂರಿಸಿದ. "ಇದುಕ್ಕಿಂತ ಮೇಲಿಂದು ನನ್ ಕೈಲಿ ತರ್ಸಕ್ಕಾಗಲ್ಲ ಅಣ್ಣ" ಎಂದು ಕ್ಯಾಸೆಟ್ ಹಾಕಿದ. ತೆಳು ಸದ್ದುಗಳನ್ನು ಏರಿಸುವ ಟ್ರೆಬಲ್ ಗುಂಡಿಯನ್ನೂ ಪೂರ್ತಿ ತಿರುಗಿಸಿದ.

ಮಾವನ ದನಿ ಬಂತು. ಅದರ ಬೆನ್ನಿಗೇ, ಟಿಣ್. ಮತ್ತೆ ಟಿಣ್. ಸೂಜಿಯಿಂದ ಚುಚ್ಚಿದಷ್ಟು ಸ್ಪಷ್ಟವಾಗಿ, ಮಾವ ಎದುರಿಗೇ ಕೂತು ಬಾರಿಸಿದ ಹಾಗೆ. ಅಷ್ಟು ಇಂಪಾದ ಸದ್ದು ವರಲಕ್ಷ್ಮಿಗೆ ಯಾವತ್ತೂ ಅಷ್ಟು ಭಯ ಹುಟ್ಟಿಸಿರಲಿಲ್ಲ.

"ಇದ್ರಾಗೂ ಇಲ್ಲ" ಎಂದ ಶಿವರಾಜು. "ನಿಂಗ್ ಕೇಳ್ತಾ ಐತೇನಮ್ಮಿ?"

"ಇಲ್ಲ ಕಣ್ರೀ" ಎಂದಳು. ಬಾಯಿ ಹೇಗೋ ಸುಳ್ಳು ಹೇಳಿತು, ಕೈ ಹೇಳಲಿಲ್ಲ. ತೊಡೆಯ ಮೇಲಿದ್ದ ಅವಳ ಬೆರಳು ತಾಳಕ್ಕೆ ಸರಿಯಾಗಿ ತಟ್ಟುತ್ತಿತ್ತು. ಶಿವರಾಜು ಆ ಬೆರಳು ನೋಡಿದ. ತಲೆಯೆತ್ತಿ ಮುಕ್ತಿಯಾರನನ್ನು ನೋಡಿದ. ಅವನ ತಲೆಯೂ ಅದೇ ಲಯದಲ್ಲಿ ಅಲ್ಲಾಡುತ್ತಿತ್ತು. ಅವನಿಗೆ ಏನೂ ಇಲ್ಲದ ಜಾಗದಲ್ಲಿ ಇಬ್ಬರೂ ಒಟ್ಟಿಗೆ ಏನನ್ನೋ ಕೇಳುತ್ತಿದ್ದರು.

ಗಂಡನ ಮುಖದ ರಕ್ತ ಇಳಿದುಹೋದದ್ದನ್ನು ವರಲಕ್ಷ್ಮಿ ಕಂಡಳು. ಅಳಬೇಡ ಎಂದು ತನಗೆ ತಾನೇ ಹೇಳಿಕೊಂಡಳು.

"ಹ್ಞಾಂ, ಬಂತು ಬಂತು!" ಶಿವರಾಜು ಇದ್ದಕ್ಕಿದ್ದಂತೆ ಜೋರಾಗಿ ನಕ್ಕ. "ಈಗ ಕೇಳ್ತಾ ಐತೆ. ಏನ್ ತಾಳ, ನಮ್ಮಪ್ಪಂದು! ಇದೇ ಇರ್ಲಿ ಮುಕ್ತಿಯಾರಣ್ಣ, ಕಟ್ಬುಡು." ಕಣ್ಣು ಮುಚ್ಚಿ, ತಲೆ ತೂಗುತ್ತ ಕೂತ.

ಮುಕ್ತಿಯಾರನಿಗೆ ಅನುಮಾನ ಹತ್ತಿತ್ತು. ಒಮ್ಮೆ ವರಲಕ್ಷ್ಮಿಯ ಕಡೆ ನೋಡಿ, ಸದ್ದಿಲ್ಲದೆ ಕೈ ಚಾಚಿ ಟ್ರೆಬಲ್ ಗುಂಡಿಯನ್ನು ಪೂರ್ತಿ ಇಳಿಸಿದ. ತಾಳ ಅಡಗಿತು. ಮಾವನ ದನಿಯೊಂದೇ ಕಂಬಳಿ ಹೊದ್ದವರ ಮಾತಿನಂತೆ ದಪ್ಪಗೆ ಉಳಿಯಿತು.

"ಆಹಾ, ಕೇಳಮ್ಮಿ, ತಾಳ ಕೇಳು" ಎಂದು ತಲೆ ತೂಗುತ್ತಲೇ ಇದ್ದ ಶಿವರಾಜು.